ಕಲ್ಲುಹೃದಯದ ಬಟ್ಲರ್?

ಪ್ರಶ್ನೆ: ನಮ್ಮ ತಂದೆ ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಪಿಯುಸಿ ಓದುವ ಮಗಳು ಮೊನ್ನೆ ‘ದಿ ರಿಮೇನ್ಸ್ ಆಫ್ ದಿ ಡೇ’ ಸಿನಿಮಾ ತೋರಿಸಿದಳು. ಮಹಡಿಯಲ್ಲಿ ಹೆತ್ತಪ್ಪ ಸಾಯುತ್ತಿದ್ದರೂ ಕೆಳಗೆ ಅತಿಥಿಗಳ ಸೇವೆ ಮಾಡುವ ಸ್ಟೀವನ್ಸ್‌ನನ್ನು ನೋಡಿ ನನ್ನ ತಮ್ಮ, ‘ಇವನು ಗುಲಾಮ, ಕಲ್ಲುಹೃದಯದವನು’ ಎಂದ. ನನಗೆ ಸಿಟ್ಟು ಬಂತು, ಆದರೆ ಏನು ಹೇಳಬೇಕೆಂದು ತೋಚಲಿಲ್ಲ. ಕಾದಂಬರಿಯಲ್ಲೂ ಹೀಗೇ ಇದೆಯೇ?
– ಓದುಗಿ, ಸಿದ್ದಾಪುರ

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ ತಾಯಿ. ಕಜುವೊ ಇಶಿಗುರೊ ಅವರ, 1989ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಬುಕರ್ ಬಂತು. ಜೇಮ್ಸ್ ಐವರಿ 1993ರಲ್ಲಿ ಸಿನಿಮಾ ಮಾಡಿದರು. ಕಾದಂಬರಿಯಲ್ಲಿ ಕಥೆ ಹೇಳುವವನು ಸ್ಟೀವನ್ಸನೇ. ಅಪ್ಪ ತೀರಿಕೊಂಡ ರಾತ್ರಿ ತಾನು ಅತ್ತೆನೆಂದು ಅವನು ಎಲ್ಲೂ ಹೇಳುವುದಿಲ್ಲ. ಯಜಮಾನ ಲಾರ್ಡ್ ಡಾರ್ಲಿಂಗ್ಟನ್ ಹತ್ತಿರ ಬಂದು, ಅಳುತ್ತಿರುವ ಹಾಗೆ ಕಾಣುತ್ತೀಯಲ್ಲ ಎಂದು ಕೇಳಿದಾಗ ಮಾತ್ರ ನಮಗೆ ಗೊತ್ತಾಗುತ್ತದೆ. ದಿನವಿಡೀ ದುಡಿದ ಆಯಾಸ ಎಂದು ಅವನು ಮಾತು ತೇಲಿಸುತ್ತಾನೆ. ಅಪ್ಪನ ಕಣ್ಣು ಮುಚ್ಚುವ ಕೆಲಸವನ್ನು, ಆ ಮನೆಯ ಮೇಲ್ವಿಚಾರಣೆ ನೋಡಿಕೊಳ್ಳುವ ಮಿಸ್ ಕೆಂಟನ್‌ಗೆ ಬಿಡುತ್ತಾನೆ. ಡಾಕ್ಟರ್ ಬಂದಾಗಲೂ ಅವನು ಕೇಳಿಕೊಳ್ಳುವುದು ಫ್ರೆಂಚ್ ಅತಿಥಿಯ ಬೊಬ್ಬೆ ಬಂದ ಕಾಲು ನೋಡಿ ಎಂದು. ನಾನು ಅಲ್ಲಿ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಎದ್ದುಹೋಗಿದ್ದೆ.

ಸಿನಿಮಾದಲ್ಲಿ ಸ್ಟೀವನ್ಸ್ ಪಾತ್ರ ಮಾಡಿದ ಆಂಥೊನಿ ಹಾಪ್ಕಿನ್ಸ್ ಇದನ್ನೆಲ್ಲ ಮುಖದಲ್ಲೇ ತೋರಿಸಬೇಕಿತ್ತು, ತೋರಿಸಿದ್ದಾರೆ. ನಮ್ಮ ಪಾಲಿಬೆಟ್ಟದ ಬಂಗಲೆಯೊಂದರಲ್ಲಿ ಒಬ್ಬ ಹಿರಿಯ ಬಟ್ಲರ್ ಇದ್ದರು. ಮೇಜಿನ ಸುತ್ತ ಎಷ್ಟೇ ಮಾತು ನಡೆಯಲಿ, ಗೋಡೆ ಕಡೆ ನೋಡುತ್ತ ನಿಂತಿರುತ್ತಿದ್ದರು; ಯಾರ ಲೋಟ ಬರಿದಾಯಿತೆಂಬುದು ಮಾತ್ರ ಹೇಗೋ ಅವರಿಗೆ ತಿಳಿಯುತ್ತಿತ್ತು. ಆ ನಿಲುವು, ಆ ನೋಟ ಹಾಪ್ಕಿನ್ಸ್ ಅವರಲ್ಲಿ ಹಾಗೇ ಇದೆ. ಅದು ಕಲಿತ ಕಸುಬು. ಅದನ್ನು ಗುಲಾಮಗಿರಿ ಅನ್ನುವುದು ಅನ್ಯಾಯ.

ಆದರೆ ನಿಮ್ಮ ತಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಲೂ ನನ್ನಿಂದಾಗದು. ಸ್ಟೀವನ್ಸ್ ತಪ್ಪಿದ್ದು ಬೇರೆ ಕಡೆ. ನಾಜಿಗಳ ಕಡೆ ವಾಲಿದ ಯಜಮಾನ, ಇಬ್ಬರು ಯಹೂದಿ ಹುಡುಗಿಯರನ್ನು ಕೆಲಸದಿಂದ ತೆಗೆಯಲು ಹೇಳಿದಾಗ ಇವನು ಚಕಾರವೆತ್ತುವುದಿಲ್ಲ. ದೊರೆಗಳು ನಮಗಿಂತ ತಿಳಿದವರು ಎಂಬ ಧೋರಣೆ. ಮಿಸ್ ಕೆಂಟನ್ ಸಿಡಿದೇಳುತ್ತಾಳೆ. ಅವಳೂ ಆ ಮನೆಯ ಕೆಲಸದವಳೇ ಅಲ್ಲವೇ? ಕೈಕೆಲಸದ ಜೊತೆ ಸರಿ-ತಪ್ಪಿನ ವಿವೇಚನೆಯನ್ನೂ ಯಜಮಾನನ ಕೈಗೆ ಕೊಟ್ಟುಬಿಟ್ಟನಲ್ಲ, ನನಗೆ ಅವನ ಮೇಲೆ ಕೋಪ ಅದಕ್ಕೇ.

ಕಾದಂಬರಿಯನ್ನು ಖಂಡಿತ ಓದಿ. ಸಿನಿಮಾದ ಕೊನೆಯಲ್ಲಿ ಮನೆಯೊಳಗೆ ಸಿಕ್ಕಿಕೊಂಡ ಪಾರಿವಾಳವನ್ನು ಹೊರಗೆ ಬಿಡುತ್ತಾರೆ. ಪುಸ್ತಕದಲ್ಲಿ ಅದಿಲ್ಲ. ಅಲ್ಲಿ ಸ್ಟೀವನ್ಸ್ ವೇಮತ್ ಎಂಬ ಕಡಲೂರಿನಲ್ಲಿ, ಗುರುತಿಲ್ಲದ ಒಬ್ಬನ ಮುಂದೆ ಕೊನೆಗೂ ಬಾಯಿ ಬಿಡುತ್ತಾನೆ. ಆ ಮನುಷ್ಯ ಕಣ್ಣೊರೆಸಿಕೊಳ್ಳಲು ಕರವಸ್ತ್ರ ಕೊಡಲು ಬರುತ್ತಾನೆ. ಪುಸ್ತಕ ದೊಡ್ಡದೇನಲ್ಲ, ಮಗಳೂ ಓದಬಹುದು. ತಮ್ಮನಿಗೂ ಒಂದು ಪ್ರತಿ ತರಿಸಿಕೊಡಿ.