ಅಂಗಡಿಯಲ್ಲಿ ಸಿಗುತ್ತೆ ಅಂದ ಮಾತ್ರಕ್ಕೆ ನಿನಗೆ ಸಲೀಸು ಅಂತಲ್ಲ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಬಿ.ಇ. ಮುಗಿಸಿ ಸೆಪ್ಟೆಂಬರ್‌ಗೆ ಕೆನಡಾದ ಒಂಟಾರಿಯೋಗೆ ಮಾಸ್ಟರ್ಸ್ ಓದಲು ಬರುತ್ತಿದ್ದೀಯ. "ಅಲ್ಲಿ ಗಾಂಜಾ ಅಂಗಡಿಯಲ್ಲೇ ಮಾರ್ತಾರಂತೆ, ಸ್ವಲ್ಪ ಇಟ್ಕೊಂಡ್ರೆ ಯಾರೂ ಕೇಳಲ್ವಂತೆ, ಪಿ.ಆರ್.ಗೆ ಏನಾದ್ರೂ ಅಡ್ಡಿ ಆಗುತ್ತಾ ಅಣ್ಣಾ?" ಅಂತ ಕೇಳಿದ್ದೀಯ. ಪಿ.ಆರ್. ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ. ಜೊತೆಗೆ, ದೊಡ್ಡಮ್ಮನ ಮೊಣಕಾಲು ನೋವಿಗೆ ಇಲ್ಲಿಂದ ಗಾಂಜಾ ಗಿಡದಿಂದ ತೆಗೆಯುವ ಸಿಬಿಡಿ ಎಣ್ಣೆ ಕಳಿಸಬಹುದಾ ಅಂತಲೂ. ಮನೆಯಲ್ಲಿ ಬಾಯಿ ಬಿಟ್ಟು ಕೇಳಲು ಆಗದ ಪ್ರಶ್ನೆ ಇದು. ಬರುವ ಮೊದಲೇ ಕೇಳಿದೆಯಲ್ಲ, ಅದು ನನಗೆ ಸಮಾಧಾನ.

ನಿನ್ನ ಗೆಳೆಯರು ಹೇಳಿದ್ದು ಸುಳ್ಳಲ್ಲ. 2018ರ ಅಕ್ಟೋಬರ್ 17ರಿಂದ ಕೆನಡಾದಲ್ಲಿ ಗಾಂಜಾ ಕಾನೂನುಬದ್ಧ. ವಯಸ್ಕರು ಹೊರಗೆ ಓಡಾಡುವಾಗ 30 ಗ್ರಾಂ ಒಣಗಿದ ಗಾಂಜಾ ಇಟ್ಟುಕೊಳ್ಳಬಹುದು. ಒಂಟಾರಿಯೋದಲ್ಲಿ 19 ವರ್ಷ ತುಂಬಿರಬೇಕು, ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 21. ಒಂಟಾರಿಯೋದಲ್ಲಿ ಒಂದು ಮನೆಗೆ ನಾಲ್ಕು ಗಿಡ ಬೆಳೆಸಿಕೊಳ್ಳಲೂ ಅವಕಾಶ ಇದೆ, ಕ್ವಿಬೆಕ್‌ನಲ್ಲಿ ಒಂದೂ ಇಲ್ಲ. ಪ್ಯಾಕೆಟ್ಟಿನ ಮೇಲೆ ಎಲೆಯ ಚಿತ್ರವಿರುವ ಕೆಂಪು ಗುರುತು, ಹಳದಿ ಪಟ್ಟಿಯಲ್ಲಿ ಎಚ್ಚರಿಕೆ, ಅಬಕಾರಿ ಚೀಟಿ ಇರುತ್ತವೆ. ಇವು ಇಲ್ಲದ ಮಾಲು ಕಳ್ಳ ಮಾಲು. ಅದನ್ನು ಗೊತ್ತಿದ್ದೂ ಇಟ್ಟುಕೊಂಡರೆ ಎಷ್ಟು ಗ್ರಾಂ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಅದೇ ಅಪರಾಧ.

ಆದರೆ ಈ ಕಾನೂನು ಬರೆದದ್ದು ಇಲ್ಲೇ ಹುಟ್ಟಿ, ಇಲ್ಲೇ ಇರುವವರನ್ನು ಕಣ್ಣ ಮುಂದೆ ಇಟ್ಟುಕೊಂಡು. ನೀನು ಸ್ಟಡಿ ಪರ್ಮಿಟ್ ಮೇಲೆ ಬರುವವನು. ನಿನ್ನ ಮೇಲೆ ಇದೊಂದೇ ಅಲ್ಲ, ವಲಸೆ ಕಾನೂನು, ಪಕ್ಕದ ದೇಶದ ಕಾನೂನು, ಊರಿನ ಕಾನೂನು ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಇಲ್ಲಿನ ಹುಡುಗನಿಗೆ ಬರೀ ದಂಡದಲ್ಲಿ ಮುಗಿಯುವುದು ನಿನ್ನನ್ನು ವಿಮಾನ ಹತ್ತಿಸಬಹುದು. ನಾನು ನಿನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಕಾರಿಗೆ. ಇಲ್ಲಿ ಬಂದ ನಮ್ಮ ಹುಡುಗರು ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುತ್ತಾರೆ. ಕೈಯಲ್ಲಿ ಇರುವುದು ಸಾಮಾನ್ಯವಾಗಿ ಜಿ1 ಅಥವಾ ಜಿ2, ಅಂದರೆ ಹೊಸ ಚಾಲಕರಿಗೆ ಕೊಡುವ ಲೈಸೆನ್ಸ್. ಆ ಲೈಸೆನ್ಸ್ ಇದ್ದವರ ಎಂಜಿಲು ಪರೀಕ್ಷೆಯಲ್ಲಿ ಗಾಂಜಾ ಅಂಶ ಸಿಕ್ಕರೆ ಒಂಟಾರಿಯೋದಲ್ಲಿ ವಿನಾಯಿತಿ ಇಲ್ಲ. ದೇಶದ ಕಾನೂನಿನಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ 2 ನ್ಯಾನೋಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) ಮುಟ್ಟಿದರೆ ಅಪರಾಧ, 5 ಮುಟ್ಟಿದರೆ ಇನ್ನೂ ದೊಡ್ಡದು. ದಿನಾ ಸೇದುವವರ ಮೈಯಲ್ಲಿ ಅಮಲು ಇಳಿದ ಮೇಲೂ ಅಂಶ ಉಳಿದಿರುತ್ತದೆ. ರಾತ್ರಿ ಸೇದಿದ್ದು, ಬೆಳಿಗ್ಗೆ ಕ್ಲಾಸಿಗೆ ಹೊರಟಿದ್ದೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. 2018ರ ಡಿಸೆಂಬರ್ 18ರಿಂದ ಅಮಲಿನಲ್ಲಿ ವಾಹನ ಓಡಿಸುವುದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ. ವಲಸೆ ಕಾನೂನಿನಲ್ಲಿ ಅಂಥ ಅಪರಾಧ 'ಗಂಭೀರ' ಅನ್ನುವ ಗುಂಪಿಗೆ ಸೇರುತ್ತದೆ. ನಿಜವಾಗಿ ಒಂದು ದಿನವೂ ಜೈಲಿಗೆ ಹೋಗದಿದ್ದರೂ, ಬರೀ ದಂಡ ಕಟ್ಟಿ ಬಂದರೂ, ಪಿ.ಆರ್. ಇದ್ದವರೇ ಅದನ್ನು ಕಳೆದುಕೊಳ್ಳಬಹುದು. ಇನ್ನು ನಿನ್ನಂಥ ವಿದ್ಯಾರ್ಥಿಯ ಗತಿ ಯೋಚಿಸು.

ರೂಮಿನ ವಿಷಯ. ನೀನು ಬಹುಶಃ ಯಾವುದಾದರೂ ಮನೆಯ ಬೇಸ್‌ಮೆಂಟಿನಲ್ಲಿ ಮೂರ್ನಾಲ್ಕು ಜನರ ಜೊತೆ ಇರುತ್ತೀಯ, ಮೇಲೆ ಮಾಲೀಕರು ಮಕ್ಕಳ ಜೊತೆ. ಗಾಂಜಾ ಹಾಕಿದ ಗಮ್ಮಿ ನೋಡಲು ಮಕ್ಕಳ ಮಿಠಾಯಿಯ ಹಾಗೇ ಇರುತ್ತದೆ. ಪ್ಯಾಕೆಟ್ಟಿನಿಂದ ತೆಗೆದು ಫ್ರಿಜ್ಜಿನಲ್ಲಿ ಬಿಡಿಯಾಗಿ ಇಟ್ಟರೆ ಯಾರಿಗೂ ಗುರುತು ಸಿಗುವುದಿಲ್ಲ. ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಹೊಸಬರು 'ಏನೂ ಆಗಲಿಲ್ಲ' ಅಂತ ಇನ್ನೊಂದು ನುಂಗಿ ಒದ್ದಾಡುತ್ತಾರೆ. ಮಗು ತಿಂದರೆ ಆಸ್ಪತ್ರೆಗೆ ಓಡಬೇಕು. ಫ್ರಿಜ್ಜಿನಲ್ಲಿ ಅಂಥದ್ದು ಕಂಡರೆ ಸಂಕೋಚ ಬೇಡ, ಬೀಗ ಹಾಕಿಡು ಅಂತ ರೂಮ್‌ಮೇಟ್‌ಗೆ ನೇರವಾಗಿ ಹೇಳು.

ಗಡಿಯ ಮಾತಿಗೆ ಬರೋಣ. ನಯಾಗರಾ ನೋಡಲು ಹೋದವರಿಗೆ ಅಮೆರಿಕದ ಬಫಲೋ ಕಡೆಗೂ ಒಂದು ಸುತ್ತು ಹೋಗಿಬರುವ ಆಸೆ ಬರುತ್ತದೆ. ಅಮೆರಿಕದಲ್ಲಿ ಹಲವು ರಾಜ್ಯಗಳು ಬಿಟ್ಟಿದ್ದರೂ ಕೇಂದ್ರ ಕಾನೂನಿನ ಪ್ರಕಾರ ಗಾಂಜಾ ಇನ್ನೂ ನಿಷಿದ್ಧ, ಗಡಿ ಕಾಯುವವರು ಕೇಂದ್ರದವರು. 'ಹಿಂದೆ ಸೇದಿದ್ದೀಯಾ?' ಅಂತ ಕೇಳಿದಾಗ ಹೌದು ಅಂದರೆ ಅಷ್ಟಕ್ಕೇ ಪ್ರವೇಶ ನಿರಾಕರಿಸಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಇನ್ನೂ ಕೆಟ್ಟದ್ದು, ಜೀವನಪೂರ್ತಿ ಬಾಗಿಲು ಮುಚ್ಚಬಹುದು. ನಿಜವಾಗಿಯೂ 'ಇಲ್ಲ' ಅನ್ನುವ ಸ್ಥಿತಿಯಲ್ಲಿ ಇರು ಅಂತಲೇ ನನ್ನ ಸಲಹೆ. ಜೇಬಿನಲ್ಲಿ ಇಟ್ಟುಕೊಂಡು ಗಡಿ ದಾಟುವುದಂತೂ ಕೆನಡಾದ ಕಾನೂನಿನಲ್ಲೇ 14 ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ.

ಈಗ ಊರಿನ ಕಡೆ. 'ಸಾಧುಗಳು ಚಿಲುಮೆ ಎಳೀತಾರೆ, ಶಿವರಾತ್ರಿಗೆ ಭಂಗಿ ಕುಡೀತಾರೆ, ಅವರಿಗಿಲ್ಲದ ಕಾನೂನಾ' ಅಂತ ನಮ್ಮಲ್ಲಿ ವಾದ ಮಾಡುತ್ತಾರೆ. ಮಾದಕ ವಸ್ತುಗಳ ಮೇಲಿನ ಭಾರತದ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು ಕಾಯಿ ಬಿಡುವ ತುದಿ. ಆ ತುದಿ ಸೇರದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಭಂಗಿ ತಪ್ಪಿಸಿಕೊಂಡದ್ದು ಹಾಗೆ. ಚಿಲುಮೆಗೆ ಆ ರಿಯಾಯಿತಿ ಇಲ್ಲ. ಒಂದು ಕೆ.ಜಿ.ವರೆಗೆ 'ಸಣ್ಣ ಪ್ರಮಾಣ' ಅನ್ನುತ್ತಾರೆ, ಅದಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆ.ಜಿ. ಮೀರಿದರೆ ಕನಿಷ್ಠವೇ 10 ವರ್ಷ. ಗಿಡ ಬೆಳೆಸಿದರೆ ಈ ತೂಕದ ಲೆಕ್ಕವೂ ಇಲ್ಲ. ಜಗಳೂರು ಕಡೆ ಮೆಕ್ಕೆಜೋಳದ ಹೊಲದ ನಡುವೆ ನಾಲ್ಕು ಗಿಡ ಹಾಕಿದ ರೈತನಿಗೆ 10 ವರ್ಷದವರೆಗೆ ಶಿಕ್ಷೆ ಆಗಬಹುದು. ಅದೇ ನಾಲ್ಕು ಗಿಡ ಇಲ್ಲಿ ಒಂಟಾರಿಯೋದಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಹಿತ್ತಲಲ್ಲಿ ಟೊಮೆಟೊ ಪಕ್ಕ ಬೆಳೆಸಿದ್ದಾರೆ. ಸ್ವಂತಕ್ಕೆ ಇಟ್ಟುಕೊಂಡವರನ್ನು ಜೈಲಿಗೆ ಕಳಿಸಿ ಯಾರಿಗೂ ಉಪಕಾರವಾಗಿಲ್ಲ, ನಮ್ಮ ಕಾನೂನೂ ಬದಲಾಗಬೇಕು ಅಂತ ನನ್ನ ಅಭಿಪ್ರಾಯ. ಆದರೆ ಬದಲಾಗುವ ತನಕ ಇರುವುದು ಇದೇ. ಆ ಕಾಯ್ದೆ ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಅಂತ ಅದರ ಮೊದಲ ಕಲಮಿನಲ್ಲೇ ಬರೆದಿದೆ.

ಆದ್ದರಿಂದ ಈ ಎರಡು ಮೂರು ತಿಂಗಳು ಊರಲ್ಲೂ ಹುಷಾರಾಗಿರು. ಶಾಮನೂರು ರಸ್ತೆಯ ಯಾವುದೋ ಗೆಳೆಯನ ರೂಮಿನಲ್ಲಿ ಬೀಳ್ಕೊಡುಗೆ ಪಾರ್ಟಿ ಅಂತ ಕೂತಾಗ ಪೊಲೀಸರು ಬಂದರೆ, ಸೇದಿದವನು ನೀನಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಎಫ್‌ಐಆರ್ ಆಗಿಬಿಡುತ್ತದೆ. ಪಿ.ಆರ್.ಗೆ ಅರ್ಜಿ ಹಾಕುವಾಗ ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡಲೇಬೇಕು. ಅಂಥ ಕಡೆ ವಾಸನೆ ಬಂದರೆ ಎದ್ದು ಹೊರಡು, ಯಾರು ಏನಂದುಕೊಂಡರೂ ಸರಿ. ಇನ್ನು ನಿನಗೇ ಅಭ್ಯಾಸ ಇದ್ದು ಬಿಡಲು ಆಗುತ್ತಿಲ್ಲ ಅಂದರೆ, ಬೈಯುವುದಿಲ್ಲ, ನನಗೆ ಫೋನ್ ಮಾಡು. ಇಲ್ಲಿನ ಕಾಲೇಜುಗಳಲ್ಲಿ ಕೌನ್ಸೆಲರ್ ಇರುತ್ತಾರೆ, ಸಹಾಯ ಕೇಳಿದ್ದಕ್ಕೆ ವೀಸಾಗೆ ಏನೂ ಆಗುವುದಿಲ್ಲ.

ದೊಡ್ಡಮ್ಮನ ಎಣ್ಣೆ ಕಳಿಸಲು ಆಗುವುದಿಲ್ಲಪ್ಪ. ಸಿಬಿಡಿ ಅಮಲೇರಿಸುವುದಿಲ್ಲ ನಿಜ, ಆದರೂ ಇಲ್ಲಿ ಅದು ಗಾಂಜಾ ಕಾಯ್ದೆಯೊಳಗೇ ಬರುತ್ತದೆ. ಪರವಾನಗಿ ಇಲ್ಲದೆ ದೇಶದಾಚೆ ಒಯ್ಯುವಂತಿಲ್ಲ, ಅಂಚೆಯಲ್ಲೂ ಹಾಕುವಂತಿಲ್ಲ, ವೈದ್ಯರ ಚೀಟಿ ಇದ್ದರೂ ಇಲ್ಲ. ಅವರನ್ನು ಅಲ್ಲೇ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಒಂದು ಎಕ್ಸ್‌ರೇ ತೆಗೆಸು. ನೀನು ಹೊರಡುವ ಮೊದಲೇ ಆ ಕೆಲಸ ಆಗಲಿ.