ಪಕ್ಕದ ಊರಲ್ಲಿ ನೆಲೆಯೂರಿದ ಡ್ರಿಪ್ ನಿಮ್ಮಲ್ಲಿ ಯಾಕೆ ನೆಲೆಯೂರಲಿಲ್ಲ

"ಪಕ್ಕದ ಊರಿನವರೆಲ್ಲ ಡ್ರಿಪ್ (ಹನಿ ನೀರಾವರಿ) ಹಾಕಿದರು, ನಮ್ಮಲ್ಲಿ ಹಾಕಿದವರೂ ಕಿತ್ತು ಸುತ್ತಿಟ್ಟರು, ನಮ್ಮ ರೈತರಿಗೆ ತಿಳಿವಳಿಕೆ ಸಾಲದೇ?" ಅಂತ ಕೇಳಿದ್ದೀರಿ. ರೈತರನ್ನು ದೂರುವ ಮುಂಚೆ ಬೋರಿನ ನೀರು ನೋಡಿ ಸರ್.

ಗಾಜಿನ ಬಾಟಲಿಗೆ ನೀರು ಹಿಡಿದು ರಾತ್ರಿಯಿಡೀ ಮುಚ್ಚಳ ತೆಗೆದಿಡಿ. ಹಿಡಿದಾಗ ತಿಳಿಯಾಗಿದ್ದ ನೀರು ಬೆಳಿಗ್ಗೆ ಕೆಂಪಗಾಗಿ, ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿದ್ದರೆ ಅದು ಕಬ್ಬಿಣ. ಕರಗಿದ ಕಬ್ಬಿಣ ಸಣ್ಣ ಜರಡಿಯ (120 ಮೆಶ್) ಫಿಲ್ಟರನ್ನು ಸಲೀಸಾಗಿ ದಾಟಿ, ನೀರು ತೊಟ್ಟಿಕ್ಕುವ, ಗಾಳಿ ತಾಗುವ ಡ್ರಿಪ್ಪರ್ ಬಾಯಲ್ಲಿ ಗಟ್ಟಿಯಾಗುತ್ತದೆ. ಫಿಲ್ಟರ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ನೀರನ್ನು ಎತ್ತರದಿಂದ ತೊಟ್ಟಿಗೆ ಬೀಳಿಸಿ, ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿನೀರನ್ನಷ್ಟೇ ಸ್ಯಾಂಡ್ ಫಿಲ್ಟರ್ ಮೂಲಕ ಲೈನಿಗೆ ಬಿಡಬೇಕು. ಡ್ರಿಪ್ಪರ್ ಮೇಲೆ ಬಿಳಿ ಪದರ ಕಂಡರೆ ಅದು ಸುಣ್ಣ, ಅದಕ್ಕೆ ಲೈನಿನೊಳಗೆ ಆಸಿಡ್ ಬಿಡಬೇಕಾಗುತ್ತದೆ. ಪಕ್ಕದ ಊರಿನ ನೀರಲ್ಲಿ ಇವೆರಡೂ ಇಲ್ಲದಿದ್ದರೆ ಅದೇ ಕಿಟ್ ಅಲ್ಲಿ ವರ್ಷಗಟ್ಟಲೆ ಓಡುತ್ತದೆ.

ಆಮೇಲೆ ಕರೆಂಟು. ಸಾಲಿನಿಂದ ಸಾಲಿಗೆ 1.2 ಮೀಟರ್ ಇದ್ದರೆ ಎಕರೆಗೆ ಸುಮಾರು 3,370 ಮೀಟರ್ ಲ್ಯಾಟರಲ್ (ಸಾಲಿನುದ್ದ ಹಾಸುವ ಸಣ್ಣ ಪೈಪು) ಬೇಕು. 40 ಸೆಂ.ಮೀ.ಗೊಂದು, ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಅಂದರೆ ಒಟ್ಟು ಗಂಟೆಗೆ 33,700 ಲೀಟರ್. ಪಂಪು ಗಂಟೆಗೆ ಕೊಡುವುದು 8,000 ಲೀಟರ್ ಆದರೆ ಹೊಲವನ್ನು 5 ಭಾಗ ಮಾಡಿ ಸರದಿಯಲ್ಲಿ ನೀರು ಬಿಡಲೇಬೇಕು. ಭಾಗಕ್ಕೊಂದು ಗಂಟೆಯಂತೆ 5 ಗಂಟೆ. ಕರೆಂಟು ಬರುವುದು 3 ಗಂಟೆ ಮಾತ್ರ, ಅದೂ ರಾತ್ರಿ ಅಂದರೆ ವಾಲ್ವ್ ತಿರುಗಿಸಲು ಯಾರು ಎದ್ದು ಹೋಗುತ್ತಾರೆ? 2 ಲೀಟರಿನ ಡ್ರಿಪ್ಪರ್ ಹಾಕಿದರೂ ಅಷ್ಟೇ ನೀರು ಕೊಡಲು ಪಂಪು ಅಷ್ಟೇ ಹೊತ್ತು ಓಡಬೇಕು. ನೀರು ಕೂಡಿಡಲು ತೊಟ್ಟಿ ಇಲ್ಲದ ಕಡೆ ರೈತ ಹಳೇ ಕಾಲುವೆಗೆ ಮರಳಿದರೆ ಅದು ಹಟವಲ್ಲ, ಲೆಕ್ಕ.

ಕೊಯ್ಲಾದ ಮೇಲೆ ಊರ ದನ ಹೊಲಕ್ಕೆ ಬಿಡುವ ರೂಢಿ ಇದ್ದರೆ ಅದನ್ನೂ ಗಮನಿಸಿ. ಅಷ್ಟರೊಳಗೆ ಪೈಪು ಸುತ್ತದಿದ್ದರೆ ಗೊರಸಿಗೆ ಸಿಕ್ಕಿ ಹರಿಯುತ್ತದೆ.

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ಸಮಾಜಶಾಸ್ತ್ರಜ್ಞರಾದ ರಯಾನ್ ಮತ್ತು ಗ್ರಾಸ್ 1943ರಲ್ಲಿ ಬರೆದರು. ಹೆಚ್ಚಿನವರಿಗೆ ಸುದ್ದಿ ಮೊದಲು ಮುಟ್ಟಿಸಿದ್ದು ಬೀಜ ಮಾರುವವರು, ಆದರೆ ಬಿತ್ತುವ ಧೈರ್ಯ ಕೊಟ್ಟದ್ದು ಅಕ್ಕಪಕ್ಕದ ಹೊಲದವರು. ಹಾಗಾಗಿ ಸಭೆ ಬೇಡ, ದಾರಿ ಪಕ್ಕದ ಸಾಧಾರಣ ಮಣ್ಣಿನ ಹೊಲದಲ್ಲಿ ಕಾಲು ಎಕರೆಗೆ ಡ್ರಿಪ್ ಹಾಕಿಸಿ. ಅದೇ ತಳಿಯ ನಾಲ್ಕು ಸಾಲು ಹಳೇ ಪದ್ಧತಿಯಲ್ಲೇ ಇರಲಿ. ಗ್ರೊಮೆಟ್ (ಪೈಪು ಜೋಡಿಸುವಲ್ಲಿ ನೀರು ಸೋರದಂತೆ ಹಾಕುವ ರಬ್ಬರ್ ಬಳೆ), ಜಾಯಿನರ್, ಪೈಪಿನ ಕೊನೆ ಮುಚ್ಚುವ ಎಂಡ್ ಕ್ಯಾಪ್ ಒಂದು ಡಬ್ಬಿ ಊರಲ್ಲೇ ಇಡಿ, ಜೋಡಿಸುವ ಕೆಲಸ ಇಬ್ಬರಿಗೆ ಕಲಿಸಿ. ಹತ್ತು ರೂಪಾಯಿಯ ಗ್ರೊಮೆಟ್ ಸಿಗದೆ ಒಂದು ವಾರ ಗಿಡ ಒಣಗಿದರೆ ಅದನ್ನೂ ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ.