ಚೆಂಡು ದಾಟಿದ ಮೇಲೆ ಬ್ಯಾಟು ಬೀಸುವ ಮಕ್ಕಳು
ಮಂಡ್ಯದ ನಿಮ್ಮ ಶಾಲೆಯ ಐದನೆಯ ತರಗತಿಯವರು ಚೆಂಡು ದಾಟಿಹೋದ ಮೇಲೆ ಬ್ಯಾಟು ಬೀಸುತ್ತಾರೆ ಎಂದಿದ್ದೀರಿ. ತಪ್ಪು ಬಹುಮಟ್ಟಿಗೆ ಬ್ಯಾಟಿನ ಭಾರದ್ದು. ದೊಡ್ಡವರ ಬ್ಯಾಟು ಒಂದು ಕಿಲೋ ಮೀರಿ ತೂಗುತ್ತದೆ. ಹತ್ತು ವರ್ಷದ ಮಣಿಕಟ್ಟು ಅದನ್ನು ಎತ್ತುವಷ್ಟರಲ್ಲಿ ಚೆಂಡು ಕೀಪರ್ ಕೈಯಲ್ಲಿರುತ್ತದೆ.

ಆ ಬ್ಯಾಟನ್ನು ಸದ್ಯಕ್ಕೆ ಬೀರುವಿನಲ್ಲಿಡಿ. ಬದಲಿಗೆ ಒಣಗಿದ ತೆಂಗಿನ ಮಟ್ಟೆಯನ್ನು ಮಗುವಿನ ಸೊಂಟದ ಎತ್ತರಕ್ಕೆ ಕತ್ತರಿಸಿ, ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ. ಹಸಿ ಮಟ್ಟೆ ಬೇಡ, ಅದೂ ಭಾರವೇ. ಹಿಡಿಯ ಮೇಲ್ಭಾಗದಲ್ಲಿರುವ ಕೈಯೊಂದರಿಂದಲೇ ಐದಾರು ಸಲ ನೇರವಾಗಿ ಬೀಸಲು ಬಂದರೆ ಅಳತೆ ಸರಿಯಾಗಿದೆ.

ಆಮೇಲೆ ಟೆನಿಸ್ ಚೆಂಡನ್ನು ಕಾಲುಚೀಲಕ್ಕೆ ಹಾಕಿ, ಮರದ ಕೊಂಬೆಯಿಂದ ಮೊಣಕಾಲಿನ ಎತ್ತರಕ್ಕೆ ಇಳಿಬಿಡಿ. ಹತ್ತರಲ್ಲಿ ಏಳು ಹೊಡೆತ ತಗಲಿದ ಮೇಲೆ, ಐದಾರು ಮೀಟರ್ ದೂರದಿಂದ ಒಮ್ಮೆ ಪುಟಿಯುವಂತೆ ಮೆಲ್ಲಗೆ ಎಸೆಯಿರಿ. ಇದಕ್ಕೆ ಕೆಲವರಿಗೆ ವಾರ ಸಾಕು, ಕೆಲವರಿಗೆ ತಿಂಗಳಾದೀತು. ಲೆಕ್ಕ ಹಾಕಿ ಹೇಳಲಾಗದು.

ಲೆದರ್ ಚೆಂಡನ್ನಂತೂ ಈಗಲೇ ತರಬೇಡಿ. ಟೆನಿಸ್ ಚೆಂಡು ಸುಮಾರು 58 ಗ್ರಾಂ, ಲೆದರ್ ಚೆಂಡು ಸುಮಾರು 160. ಒಮ್ಮೆ ಪೆಟ್ಟು ತಿಂದ ಮಗು ಚೆಂಡಿಗೆ ಹೆದರಿ ಲೆಗ್ ಕಡೆಗೆ, ಅಂದರೆ ತನ್ನ ಬೆನ್ನ ಹಿಂದಕ್ಕೆ, ಸರಿಯಲು ಕಲಿಯುತ್ತದೆ, ಅದನ್ನು ಬಿಡಿಸುವುದು ಬ್ಯಾಟಿಂಗ್ ಕಲಿಸುವುದಕ್ಕಿಂತ ಕಷ್ಟ.

ಹಗುರ ಬ್ಯಾಟಿನಲ್ಲೂ ಚೆಂಡಿಗೆ ತಾಗಿಸಲಾಗದವರಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ.